ಸಣ್ಣ ದೋಣಿಗೆ ತಕ್ಕ ವಿದ್ಯುತ್ ತಂತಿ

ಕೃಷ್ಣೆಗೂ ತುಂಗಭದ್ರೆಗೂ ನಡುವೆ ಇರುವ ನಮ್ಮ ರಾಯಚೂರು ಸೀಮೆಗೆ ದೋಣಿ ಹೊಸದಲ್ಲ. ಬಿದಿರು ಹೆಣೆದು ಹೊದಿಕೆ ಬಿಗಿದ ಅರಗೋಲು ತಲೆತಲಾಂತರದಿಂದ ಜನರನ್ನು ದಡ ಮುಟ್ಟಿಸಿದೆ. ಹುಟ್ಟು ಮತ್ತು ಅಂಬಿಗನ ತೋಳು ಇದ್ದರೆ ಅದಕ್ಕೆ ಸಾಕು, ವಿದ್ಯುತ್ತಿನ ಹಂಗು ಅದಕ್ಕಿಲ್ಲ. ಆದರೆ ಹೊಳೆ ಉಕ್ಕಿದಾಗ ಮಾತು ಬೇರೆ. 2019ರ ಆಗಸ್ಟ್ ತಿಂಗಳಲ್ಲಿ ನಾರಾಯಣಪುರದ ಬಸವಸಾಗರದಿಂದ ಅಪಾರ ನೀರು ಹರಿದು ಬಂದು ದೇವದುರ್ಗ ತಾಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತು. ಲಿಂಗಸುಗೂರು ತಾಲೂಕಿನ ನಡುಗಡ್ಡೆಗಳಿಗೆ ದಾರಿ ತಪ್ಪಿತು. ಅಂಥ ವೇಳೆಯಲ್ಲಿ ನೆಚ್ಚಬೇಕಾದುದು ಯಂತ್ರದ ದೋಣಿಯನ್ನು. ಅದರಲ್ಲಿ ದೀಪವುಂಟು, ಒಳಗೆ ಸೇರಿದ ನೀರನ್ನು ಹೊರಚೆಲ್ಲುವ ಪಂಪು ಉಂಟು. ಇವೆರಡೂ ಕತ್ತಲೆಯಲ್ಲಿ, ನಡುನೀರಿನಲ್ಲಿ ಕೈಕೊಟ್ಟರೆ ದೋಣಿಯಲ್ಲಿರುವವರ ಗತಿಯೇನು? ಹೀಗೆ ಕೈಕೊಡುವುದಕ್ಕೆ ಎಷ್ಟೋ ಸಲ ಕಾರಣ ದೀಪವೂ ಅಲ್ಲ, ಪಂಪೂ ಅಲ್ಲ; ಅವುಗಳಿಗೆ ಎಳೆದ ತಂತಿ.

ಕುರ್ಡಿ, ಮಾನವಿ, ದೇವದುರ್ಗಗಳ ಕಡೆ ಮನೆಗೂ ಹೊಲದ ಪಂಪಿಗೂ ತಂತಿ ಎಳೆಯಬಲ್ಲ ಕೆಲಸಗಾರರಿಗೆ ಕೊರತೆಯಿಲ್ಲ. ಆದರೆ ಮನೆಗೆ ಒಪ್ಪುವ ತಂತಿ ದೋಣಿಗೂ ಒಪ್ಪುತ್ತದೆ ಎಂದು ತಿಳಿಯಬಾರದು. ಮನೆಯಲ್ಲಿ ವಿದ್ಯುತ್ತಿನ ಒತ್ತಡ 230 ವೋಲ್ಟ್. ದೋಣಿಯ ಬ್ಯಾಟರಿಯದು ಸಾಮಾನ್ಯವಾಗಿ 12 ವೋಲ್ಟ್. ಒತ್ತಡ ಇಷ್ಟು ಕಡಮೆಯಾದುದರಿಂದ ಅಪಾಯವೂ ಕಡಮೆ, ಸಣ್ಣ ತಂತಿಯೇ ಸಾಕೆಂದು ಹಲವರ ಎಣಿಕೆ. ನಿಜಸ್ಥಿತಿ ಇದಕ್ಕೆ ತದ್ವಿರುದ್ಧ.

ಲೆಕ್ಕ ಹಾಕಿ ನೋಡೋಣ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಪ್ರತಿ ಮೀಟರಿಗೆ ಸುಮಾರು 0.0175 ಓಂ ರೋಧ ಒಡ್ಡುತ್ತದೆ. ಬ್ಯಾಟರಿಯಿಂದ ಪಂಪಿಗೆ 6 ಮೀಟರ್ ದೂರವಿದೆ ಎನ್ನಿ. ವಿದ್ಯುತ್ತು ಹೋಗಿ ಹಿಂದಿರುಗಬೇಕಾದುದರಿಂದ ತಂತಿಯ ಉದ್ದ 12 ಮೀಟರ್ ಎಂದೇ ಎಣಿಸಬೇಕು, ರೋಧ 0.21 ಓಂ. ಪಂಪು 5 ಆಂಪಿಯರ್ ಎಳೆದರೆ ದಾರಿಯಲ್ಲಿಯೇ 1.05 ವೋಲ್ಟ್ ಸೋರಿಹೋಗುತ್ತದೆ. ಮನೆಯ 230 ವೋಲ್ಟಿನಲ್ಲಿ ಇದು ನೂರಕ್ಕೆ ಅರ್ಧ ಪಾಲೂ ಅಲ್ಲ. ದೋಣಿಯ 12 ವೋಲ್ಟಿನಲ್ಲಾದರೋ ನೂರಕ್ಕೆ ಸುಮಾರು ಒಂಬತ್ತು ಪಾಲು! ಪಂಪು ತಿರುಗುತ್ತದೆ, ಆದರೆ ನೀರೆತ್ತುವ ಕಸುವು ತಗ್ಗುತ್ತದೆ. ದೀಪ, ಪಂಪುಗಳಂಥ ಮುಖ್ಯ ಸಾಧನಗಳಿಗೆ ಈ ಸೋರಿಕೆ ನೂರಕ್ಕೆ ಮೂರನ್ನು ಮೀರಬಾರದೆಂಬುದು ದೋಣಿ ಕಟ್ಟುವವರ ರೂಢಿ. ಇದೇ ಪಂಪಿಗೆ 2.5 ಚದರ ಮಿಲಿಮೀಟರ್ ತಂತಿ ಹಾಕಿದರೆ ಸೋರಿಕೆ ಮೂರೂವರೆಗೆ ಇಳಿಯುತ್ತದೆ. 4 ಚದರ ಮಿಲಿಮೀಟರ್ ಆದರೆ ಎರಡರ ಆಸುಪಾಸಿಗೆ. ಆದುದರಿಂದ ಇಲ್ಲಿ 4ನ್ನೇ ಆರಿಸತಕ್ಕದ್ದು. ಒಂದೇ ಆಂಪಿಯರ್ ಎಳೆಯುವ ಎಲ್.ಇ.ಡಿ. ದೀಪಕ್ಕೆ 1.5 ಸಾಕು. ತಂತಿ ಸುಡದಿದ್ದರೆ ಸಾಲದು. ಕೊನೆಯ ತುದಿಗೆ ಬೇಕಾದಷ್ಟು ಒತ್ತಡ ಮುಟ್ಟಬೇಕು.

ಎರಡನೆಯದು ತಂತಿಯ ಹೆಣಿಗೆ. ಒಂದೇ ಗಟ್ಟಿ ಎಳೆಯ ತಂತಿ ಗೋಡೆಯೊಳಗೆ ಅಲುಗದೆ ಇರುವಲ್ಲಿ ಬಾಳುತ್ತದೆ. ದೋಣಿಯಲ್ಲಿ ಯಂತ್ರದ ನಡುಕ, ಅಲೆಯ ಹೊಡೆತ ಬಿಡದು. ಪುಂಡಿನಾರಿನ ಹಗ್ಗವನ್ನು ನೋಡಿರಿ: ನೂರು ನವುರಾದ ಎಳೆಗಳ ಹುರಿಯಾದುದರಿಂದಲೇ ಅದು ಎಷ್ಟು ಬಾಗಿದರೂ ಮುರಿಯದು. ದೋಣಿಯ ತಂತಿಯೂ ಹಾಗೆ ಹಲವು ಸಣ್ಣ ಎಳೆಗಳ ಹುರಿಯಾಗಿರಬೇಕು. ಅಲ್ಯೂಮಿನಿಯಂ ತಂತಿ ಇಲ್ಲಿ ಸಲ್ಲದು.

ಮೂರನೆಯದು ಕಿಲುಬು. ತಾಮ್ರದ ಪಾತ್ರೆಗೆ ನಮ್ಮ ಹಿರಿಯರು ಕಲಾಯಿ ಏಕೆ ಹಾಕಿಸುತ್ತಿದ್ದರೆಂಬುದು ಮನೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಆ ತವರದ ಲೇಪವೇ ದೋಣಿಯ ತಂತಿಗೂ ರಕ್ಷೆ. ಬತ್ತಿಯಲ್ಲಿ ಎಣ್ಣೆ ಏರುವಂತೆ, ತೆರೆದ ತುದಿಯಿಂದ ನೀರು ಎಳೆಗಳ ಸಂದಿನಲ್ಲಿ ಒಳಕ್ಕೆ ಹರಿಯುತ್ತದೆ. ಮೇಲಿನ ಹೊದಿಕೆ ಹೊಸದರಂತೆಯೇ ಕಂಡರೂ ಒಳಗಿನ ತಾಮ್ರ ಹಸಿರುಗಟ್ಟಿ ಪುಡಿಯಾಗುತ್ತದೆ. ಕಲಾಯಿ ಹಾಕಿದ ಎಳೆಗಳಿಗೆ ಬೆಲೆ ಹೆಚ್ಚು. ಕಡಲಿನ ಉಪ್ಪುನೀರಿಗೆ ಅದು ಬೇಕೇ ಬೇಕು; ನಮ್ಮ ಹೊಳೆಯ ನೀರಿಗೂ ಪಂಪಿನಂಥ ಒದ್ದೆಯ ಜಾಗದಲ್ಲಿ ಅದೇ ಲೇಸು.

ತಂತಿಯನ್ನು ಆರಿಸಿದಷ್ಟೇ ಎಚ್ಚರದಿಂದ ಕೂಡಿಸಬೇಕು. ಎರಡು ತುದಿಗಳನ್ನು ತಿರುಚಿ ಟೇಪು ಸುತ್ತುವುದು ದೋಣಿಗೆ ತಕ್ಕುದಲ್ಲ. ಬರಿಯ ಬೆಸುಗೆಯನ್ನೂ ನಂಬಬಾರದು. ಬೆಸುಗೆ ಮುಗಿಯುವ ಅಂಚಿನಲ್ಲಿ ತಂತಿ ಬಿರುಸಾಗಿ ನಡುಕಕ್ಕೆ ಮುರಿಯುತ್ತದೆ. ಅಂಗಡಿಯಲ್ಲಿ ಸಿಗುವ ಲಗ್ಗನ್ನು ತಕ್ಕ ಇಕ್ಕಳದಿಂದ ಒತ್ತಿ ಕೂಡಿಸಿ, ಬಿಸಿಗೆ ಕುಗ್ಗಿ ಅಂಟಿಕೊಳ್ಳುವ ಕೊಳವೆಯನ್ನು ಮೇಲೆ ತೊಡಿಸಬೇಕು. ಆದಷ್ಟೂ ಕೀಲುಗಳು ದೋಣಿಯ ತಳದಿಂದ ಮೇಲಿರಲಿ. ಅರ್ಧ ಮೀಟರಿಗೆ ಒಂದರಂತೆ ಹಿಡಿಕೆ ಹಾಕಿ ತಂತಿಯನ್ನು ಬಿಗಿಯಬೇಕು.

ಇನ್ನು ಫ್ಯೂಸ್. ತೊಡಕು ಬಿದ್ದಾಗ ಬ್ಯಾಟರಿ ನೂರಾರು ಆಂಪಿಯರ್ ಪ್ರವಾಹವನ್ನು ಒಮ್ಮೆಲೇ ಹರಿಸಬಲ್ಲದು, ತಂತಿ ಕೆಂಡವಾಗುತ್ತದೆ. 12 ವೋಲ್ಟ್ ಮೈಗೆ ತಾಗದಿದ್ದರೂ ಬೆಂಕಿ ಹೊತ್ತಿಸಬಲ್ಲದು. ಬೆಂಕಿ ಬಿದ್ದ ಮನೆಯಿಂದ ಹೊರಗೆ ಓಡಬಹುದು, ದೋಣಿಯಿಂದ ಓಡುವುದೆಲ್ಲಿಗೆ? ಆದುದರಿಂದ ಫ್ಯೂಸನ್ನು ದೀಪದ ಬಳಿಯಲ್ಲಲ್ಲ, ಬ್ಯಾಟರಿಯ ಧನಾಗ್ರದ ಬಳಿಯಲ್ಲೇ, ಒಂದು ಗೇಣಿನೊಳಗೆ ಇಡಬೇಕು. ಅದು ತಂತಿ ತಾಳುವ ಪ್ರವಾಹಕ್ಕಿಂತ ಹೆಚ್ಚಿನದಾಗಿರಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ನಿಲ್ಲುತ್ತದೆ. ಅಲ್ಲಿ ಕಿಡಿ ಹಾರಿಸುವ ಸ್ವಿಚ್ಚು ಇರಲೇಕೂಡದು. ಯಂತ್ರವನ್ನು ಚಾಲೂ ಮಾಡುವ ದಪ್ಪ ಕೇಬಲ್ಲಿನ ಅಳತೆಯನ್ನು ಯಂತ್ರ ತಯಾರಿಸಿದವರು ಹೇಳಿದಂತೆಯೇ ಇಡಬೇಕು.

ಕೆಲಸ ಮುಗಿದ ಮೇಲೆ ಒಂದು ಪರೀಕ್ಷೆ ಉಂಟು. ಪಂಪು ನಿಂತಿರುವಾಗ ಅಳೆದರೆ ತೆಳು ತಂತಿಯೂ ಪೂರ್ತಿ ಒತ್ತಡವನ್ನೇ ತೋರಿಸಿ ಮೋಸಗೊಳಿಸುತ್ತದೆ. ಪಂಪನ್ನು ನೀರಿನಲ್ಲಿ ಓಡಿಸಿ, ಓಡುತ್ತಿರುವಾಗಲೇ ಬ್ಯಾಟರಿಯಲ್ಲಿ ಒಮ್ಮೆ, ಪಂಪಿನ ತುದಿಯಲ್ಲಿ ಒಮ್ಮೆ ವೋಲ್ಟ್ ಅಳೆಯಿರಿ. ಎರಡರ ಅಂತರ 0.36 ವೋಲ್ಟಿಗಿಂತ ಹೆಚ್ಚಿದ್ದರೆ ತಂತಿ ತೆಳುವಾಗಿದೆ, ಇಲ್ಲವೆ ಕೀಲು ಸಡಿಲವಾಗಿದೆ. ಈ ಪರೀಕ್ಷೆಯನ್ನು ಮುಂಗಾರಿಗೆ ಮೊದಲೇ, ದೋಣಿ ದಡದಲ್ಲಿ ಕಟ್ಟಿರುವಾಗಲೇ ಮಾಡತಕ್ಕದ್ದು. ಹೊಳೆ ತುಂಬಿ ಬಂದ ಮೇಲೆ ತಂತಿ ಬದಲಿಸಲು ಪುರುಸೊತ್ತು ಸಿಗದು.