ಚೆಂಡು ಬುಟ್ಟಿಗೆ ಬೀಳದ ದಿನಗಳು

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರುಗಳ ದಾರಿ. ಅಂತರಕಾಲೇಜು ಪಂದ್ಯಗಳ ಕಾಲದಲ್ಲಿ ಈ ದಾರಿಯ ಬಸ್ಸುಗಳಲ್ಲಿ ಆಟಗಾರರ ಗುಂಪುಗಳನ್ನು ಕಾಣಬಹುದು. ಗೆದ್ದವರು ಯಾರು, ಸೋತವರು ಯಾರು ಎಂಬುದನ್ನು ಕೇಳಿ ತಿಳಿಯಬೇಕಾಗಿಲ್ಲ. ಗೆದ್ದವರ ಬಸ್ಸಿನಲ್ಲಿ ಹಾಡು, ಸೋತವರ ಬಸ್ಸಿನಲ್ಲಿ ಮೌನ. ಅಂತಹ ಒಂದು ಮೌನದ ಪ್ರಯಾಣದಲ್ಲಿ ನಾವೂ ಒಮ್ಮೆ ಜೊತೆಗಿದ್ದೆವು. ಪಂದ್ಯಗಳ ಆರಂಭದಲ್ಲಿ ಎದುರಾಳಿಗಳನ್ನು ನಿರಾಯಾಸವಾಗಿ ಸೋಲಿಸಿದ್ದ ಬಾಸ್ಕೆಟ್‌ಬಾಲ್ ತಂಡವದು. ಕೊನೆಯ ಪಂದ್ಯಗಳಲ್ಲಿ ಅದರ ರಕ್ಷಣೆಯಲ್ಲಿ ಹೇಳಿಕೊಳ್ಳುವಂತಹ ಲೋಪವೇನೂ ಇರಲಿಲ್ಲ. ಚೆಂಡು ಮಾತ್ರ ಬುಟ್ಟಿಗೆ ಬೀಳಲೊಲ್ಲದು. ಎಸೆದ ಚೆಂಡು ಬಳೆಯ ಮುಂದಿನ ಅಂಚಿಗೆ ಬಡಿದು ಹಿಂದಕ್ಕೆ ಬರುತ್ತಿತ್ತು.

ಅದೃಷ್ಟ ಕೈಕೊಟ್ಟಿತೆಂದು ಕೆಲವರು ಹೇಳಿದರು. ಹತ್ತು ಎಸೆತಗಳಲ್ಲಿ ಆರನ್ನು ತಪ್ಪಿದ ಒಬ್ಬ ಹುಡುಗನೇ ಸೋಲಿಗೆ ಕಾರಣನೆಂದು ಮತ್ತೆ ಕೆಲವರು ಹೇಳಿದರು. ಮುಂದಿನ ಪಂದ್ಯಕ್ಕೆ ಅವನನ್ನು ಕೈಬಿಡಬೇಕೆಂಬ ಮಾತೂ ಹುಟ್ಟಿತು. ಕಿಟಕಿಯ ಬಳಿ ಕುಳಿತಿದ್ದ ಆ ಹುಡುಗ ಏನೂ ಹೇಳಲಿಲ್ಲ. ಆ ತೀರ್ಪು ನ್ಯಾಯವಾದುದೆ? ತರಗತಿಯಲ್ಲಿ ನಾವು ಕಲಿಯುವ ಭೌತಶಾಸ್ತ್ರಕ್ಕೂ ಗಣಿತಕ್ಕೂ ಈ ಪ್ರಶ್ನೆಯನ್ನು ಒಪ್ಪಿಸಿ ನೋಡೋಣ.

ಬಳೆಯ ಅಳತೆ

ಬಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದವರು ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು. 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದು ಬೇಕಾಗಿದ್ದುದರಿಂದ, ಹಣ್ಣಿನ ಬುಟ್ಟಿಗಳನ್ನು ಮೇಲಂತಸ್ತಿನ ಕಟಕಟೆಗೆ ಹೊಡೆಸಿ ಅವರು ಇದನ್ನು ಆರಂಭಿಸಿದರು. ಅಂದು ಆ ಬುಟ್ಟಿಗಳಿದ್ದ ಹತ್ತು ಅಡಿಗಳ ಎತ್ತರ, ಎಂದರೆ 3.05 ಮೀಟರು, ಇಂದಿಗೂ ಬದಲಾಗಿಲ್ಲ. ಬುಟ್ಟಿಯ ಸ್ಥಾನದಲ್ಲಿ ಈಗ 45 ಸೆಂಟಿಮೀಟರು ವ್ಯಾಸದ ಲೋಹದ ಬಳೆಯಿದೆ. ಚೆಂಡಿನ ವ್ಯಾಸ ಸುಮಾರು 24 ಸೆಂಟಿಮೀಟರು, ತೂಕ ಸುಮಾರು 600 ಗ್ರಾಂ.

ಬಳೆಯು ಚೆಂಡಿನ ಸುಮಾರು ಎರಡರಷ್ಟು ಅಗಲವಾಗಿರುವುದನ್ನು ನೋಡಿದರೆ ಎಸೆತ ಸುಲಭವೆಂದು ತೋರಬಹುದು. ಆದರೆ ಬಳೆಯನ್ನು ನೇರವಾಗಿ ಮೇಲಿನಿಂದ ನೋಡಿದಾಗ ಮಾತ್ರ ಅದು ಪೂರ್ಣ ವೃತ್ತವಾಗಿ ಕಾಣುತ್ತದೆ. ಬಾವಿಯ ಬಾಯನ್ನು ದೂರದಿಂದ ನೋಡಿದರೆ ಅದು ಚಪ್ಪಟೆಯಾಗಿ ಕಾಣುವುದಿಲ್ಲವೆ? ಓರೆಯಾಗಿ ಬರುವ ಚೆಂಡಿಗೆ ಬಳೆಯೂ ಹಾಗೆಯೇ ಕಿರಿದಾಗುತ್ತದೆ. ಚೆಂಡು ಕ್ಷಿತಿಜರೇಖೆಯೊಡನೆ 90 ಡಿಗ್ರಿಗಳ ಕೋನದಲ್ಲಿ ಬಿದ್ದರೆ 45 ಸೆಂಟಿಮೀಟರುಗಳ ಬಾಗಿಲೂ ತೆರೆದಿರುತ್ತದೆ. 45 ಡಿಗ್ರಿಗಳಲ್ಲಿ ಬಂದರೆ ಬಾಗಿಲು ಸುಮಾರು 32 ಸೆಂಟಿಮೀಟರುಗಳಿಗೆ ಇಳಿಯುತ್ತದೆ. 32 ಡಿಗ್ರಿಗಳಲ್ಲಿ 24 ಸೆಂಟಿಮೀಟರು ಮಾತ್ರ ಉಳಿಯುತ್ತದೆ. ಅದು ಚೆಂಡಿನ ವ್ಯಾಸವೇ ಆಗಿದೆ. ಆದುದರಿಂದ 32 ಡಿಗ್ರಿಗಳಿಗಿಂತ ಕಡಿಮೆ ಕೋನದಲ್ಲಿ ಇಳಿಯುವ ಚೆಂಡು ಬಳೆಯನ್ನು ಮುಟ್ಟದೆ ಒಳಹೋಗುವುದು ಎಂದಿಗೂ ಸಾಧ್ಯವಿಲ್ಲ.

45 ಡಿಗ್ರಿಗಳ ಮೋಹ

ಎಸೆದ ವಸ್ತುವು 45 ಡಿಗ್ರಿಗಳ ಕೋನದಲ್ಲಿ ಅತ್ಯಂತ ದೂರ ಹೋಗುತ್ತದೆಂದು ವಿದ್ಯಾರ್ಥಿಗಳೆಲ್ಲರೂ ಓದಿರುತ್ತಾರೆ. ಎಸೆದ ಎತ್ತರವೂ ಬೀಳುವ ಎತ್ತರವೂ ಒಂದೇ ಆಗಿರುವಾಗ ಮಾತ್ರ ಈ ಮಾತು ನಿಜ. ಇಲ್ಲಿಯಾದರೋ ಗುರಿಯು ಕೈಗಿಂತ ಮೇಲಿದೆ. ದಂಡದ ಎಸೆತವನ್ನು, ಎಂದರೆ ಫ್ರೀ ಥ್ರೋವನ್ನು, ತೆಗೆದುಕೊಳ್ಳೋಣ. ಗೆರೆಯಿಂದ ಬಳೆಯ ಮಧ್ಯಕ್ಕೆ ಸುಮಾರು 4.2 ಮೀಟರು ದೂರ. ಚೆಂಡು ಆಟಗಾರನ ಕೈಯನ್ನು ಬಿಡುವುದು ನೆಲದಿಂದ 2.1 ಮೀಟರು ಎತ್ತರದಲ್ಲೆಂದು ಇಟ್ಟುಕೊಂಡರೆ ಗುರಿ ಅದಕ್ಕಿಂತ 0.95 ಮೀಟರು ಮೇಲಿರುತ್ತದೆ. ಲೆಕ್ಕ ಸರಳವಾಗಲೆಂದು ಗಾಳಿಯ ತಡೆಯನ್ನು ಬಿಟ್ಟುಬಿಡೋಣ. ಅದನ್ನು ಸೇರಿಸಿದರೆ ಬೇಕಾಗುವ ವೇಗ ಸ್ವಲ್ಪ ಹೆಚ್ಚುತ್ತದೆಯೇ ಹೊರತು ವಾದವು ಬದಲಾಗುವುದಿಲ್ಲ.

ಈ ಎಸೆತವನ್ನು 45 ಡಿಗ್ರಿಗಳಲ್ಲಿ ಮಾಡಿದರೆ ಚೆಂಡು ಬಳೆಯ ಬಳಿ ಸುಮಾರು 29 ಡಿಗ್ರಿಗಳಲ್ಲಿ ಇಳಿಯುತ್ತದೆ. ಅದು ಶುದ್ಧವಾಗಿ ಒಳಹೋಗಲಾರದೆಂಬುದನ್ನು ಈಗತಾನೆ ಕಂಡೆವು. ಅತ್ಯಲ್ಪ ವೇಗ ಸಾಕಾಗುವ ಕೋನ ಸುಮಾರು 51 ಡಿಗ್ರಿಗಳು. ಆಗ ಬೇಕಾಗುವ ವೇಗ ಸೆಕೆಂಡಿಗೆ 7.18 ಮೀಟರು, ಇಳಿಯುವ ಕೋನ ಸುಮಾರು 39 ಡಿಗ್ರಿ. ಚೆಂಡು ಬಳೆಯನ್ನು ಮುಟ್ಟದೆ ಬೀಳಲು ಮುಂದಕ್ಕೂ ಹಿಂದಕ್ಕೂ ಸೇರಿ ಒಟ್ಟು 6.5 ಸೆಂಟಿಮೀಟರುಗಳ ಅವಕಾಶ ದೊರೆಯುತ್ತದೆ. ಇನ್ನೂ ಸ್ವಲ್ಪ ಮೇಲಕ್ಕೆ, 55 ಡಿಗ್ರಿಗಳಲ್ಲಿ, ಎಸೆದರೆ ಬೇಕಾಗುವ ವೇಗ 7.21 ಮೀಟರು. ಹೆಚ್ಚಿನ ವೇಗ ನೂರಕ್ಕೆ ಅರ್ಧದಷ್ಟೇ; ಆದರೆ ಅವಕಾಶವು 6.5ರಿಂದ 10.6 ಸೆಂಟಿಮೀಟರುಗಳಿಗೆ ಏರುತ್ತದೆ! ಇಷ್ಟು ಲಾಭದ ವ್ಯಾಪಾರ ಪ್ರಕೃತಿಯಲ್ಲಿ ವಿರಳ. ಕಮಾನಿನಂತೆ ಎತ್ತರವಾಗಿ ಎಸೆಯಬೇಕೆಂದು ತರಬೇತುದಾರರು ಹೇಳುವ ಮಾತಿನ ಮರ್ಮ ಇದೇ.

ನೂರಕ್ಕೆ ಒಂದರ ಬೆಲೆ

ಈಗ ದಣಿದ ಆಟಗಾರನನ್ನು ನೋಡೋಣ. ಬಾಸ್ಕೆಟ್‌ಬಾಲ್ ಕೈಯ ಆಟವೆಂಬ ಭಾವನೆಯಿದೆ. ವಾಸ್ತವವಾಗಿ ಎಸೆತದ ಬಲ ಹುಟ್ಟುವುದು ಕಾಲಿನಲ್ಲಿ. ಮೊಣಕಾಲು ಬಾಗಿ ನೇರವಾದಾಗ ಹುಟ್ಟಿದ ಚಲನೆ ಸೊಂಟ, ಭುಜ, ಮೊಣಕೈಗಳ ಮೂಲಕ ಏರಿ ಬೆರಳತುದಿಯಲ್ಲಿ ಚೆಂಡಿಗೆ ತಲುಪುತ್ತದೆ. ಕಾಲು ದಣಿದರೆ ಎರಡು ನಷ್ಟಗಳು ಒಟ್ಟಿಗೆ ಉಂಟಾಗುತ್ತವೆ. ಮೊದಲನೆಯದಾಗಿ, ಚೆಂಡಿನ ವೇಗ ಕಡಿಮೆಯಾಗುತ್ತದೆ. ಮೇಲೆ ಹೇಳಿದ 51 ಡಿಗ್ರಿಗಳ ಎಸೆತದಲ್ಲಿ ವೇಗವು ನೂರಕ್ಕೆ ಒಂದು ಪಾಲು ಕಡಿಮೆಯಾದರೆ ಚೆಂಡು ಸುಮಾರು 11 ಸೆಂಟಿಮೀಟರು ಹಿಂದೆ ಬೀಳುತ್ತದೆ. ನೂರಕ್ಕೆ ಎರಡು ಪಾಲು ಕಡಿಮೆಯಾದರೆ 21 ಸೆಂಟಿಮೀಟರು. ಬಳೆಯ ಮಧ್ಯದಿಂದ ಅಂಚಿಗಿರುವ ದೂರ 22.5 ಸೆಂಟಿಮೀಟರು. ಆದುದರಿಂದ ಚೆಂಡು ಮುಂದಿನ ಅಂಚಿಗೆ ನೇರವಾಗಿ ಬಡಿಯುತ್ತದೆ. ನೋಡುವವರ ಕಣ್ಣಿಗೆ ಎಸೆತದಲ್ಲಿ ಯಾವ ವ್ಯತ್ಯಾಸವೂ ಕಾಣದು; ಸೆಕೆಂಡಿಗೆ 7 ಸೆಂಟಿಮೀಟರುಗಳ ಕೊರತೆಯನ್ನು ಯಾವ ಕಣ್ಣು ತಾನೆ ಗುರುತಿಸೀತು?

ಎರಡನೆಯದಾಗಿ, ಮೈ ಮೇಲಕ್ಕೇಳದಿರುವುದರಿಂದ ಚೆಂಡು ಕೈಬಿಡುವ ಎತ್ತರವೂ ಇಳಿಯುತ್ತದೆ. ಅದು 15 ಸೆಂಟಿಮೀಟರು ಇಳಿದರೆ ಬೇಕಾದ ಕನಿಷ್ಠ ವೇಗ 7.18ರಿಂದ 7.30 ಮೀಟರುಗಳಿಗೆ ಏರುತ್ತದೆ. ದಣಿದವನಿಂದ ಪ್ರಕೃತಿಯು ಹೆಚ್ಚು ದುಡಿಮೆಯನ್ನು ಕೇಳುವ ವಿಪರ್ಯಾಸವಿದು.

ಭದ್ರಾವತಿಯವರಿಗೆ ದಣಿವಿನ ಇನ್ನೊಂದು ಬಗೆ ಪರಿಚಿತವಾಗಿರಬಹುದು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಹುಟ್ಟಿ 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಅಲ್ಲಿಯ ಕಬ್ಬಿಣದ ಕಾರ್ಖಾನೆಯು ಆ ಊರಿಗೆ ಲೋಹದ ಗುಣಾವಗುಣಗಳನ್ನು ಕಲಿಸಿದೆ. ಒಂದೇ ಸಲ ಹೇರಿದರೆ ಉಕ್ಕು ಸುಲಭವಾಗಿ ತಡೆಯಬಲ್ಲ ಭಾರವನ್ನು ಲಕ್ಷಾಂತರ ಸಲ ಹೇರಿ ಇಳಿಸಿದರೆ ಅದರಲ್ಲಿ ಸೂಕ್ಷ್ಮವಾದ ಬಿರುಕು ಹುಟ್ಟಿ ಬೆಳೆಯುತ್ತದೆ. ಇದಕ್ಕೆ ಲೋಹದ ದಣಿವೆಂದೇ ಹೆಸರು. ಸ್ನಾಯುವಿಗೂ ಉಕ್ಕಿಗೂ ಇರುವ ವ್ಯತ್ಯಾಸವೇನೆಂದರೆ, ಬಿರುಕುಬಿಟ್ಟ ಉಕ್ಕು ವಿಶ್ರಾಂತಿಯಿಂದ ಕೂಡಿಕೊಳ್ಳುವುದಿಲ್ಲ, ಸ್ನಾಯು ಚೇತರಿಸಿಕೊಳ್ಳುತ್ತದೆ. ಓಡುವ ಸ್ನಾಯುವಿಗೆ ಬೇಕಾದ ಇಂಧನವು ಗ್ಲೈಕೋಜನ್ ಎಂಬ ಶರ್ಕರದ ರೂಪದಲ್ಲಿ ಅದರಲ್ಲಿಯೇ ಸಂಗ್ರಹವಾಗಿರುತ್ತದೆ. ದೀರ್ಘವಾದ ಆಟದಲ್ಲಿ ಈ ಕಣಜ ಬರಿದಾದರೆ, ಅನ್ನ ಮುದ್ದೆಗಳಂತಹ ಪಿಷ್ಟಾಹಾರ ಸಾಕಷ್ಟು ದೊರೆತರೂ, ಅದು ತುಂಬಲು ಸುಮಾರು ಒಂದು ದಿನ ಹಿಡಿಯುತ್ತದೆ. ದಿನ ಬಿಡದೆ ಪಂದ್ಯವಾಡಿ, ಹೊತ್ತಿಗೆ ಸರಿಯಾಗಿ ಊಟ ನಿದ್ರೆಗಳಿಲ್ಲದೆ ಪ್ರಯಾಣ ಮಾಡಿದ ತಂಡವು ಅರ್ಧ ತುಂಬಿದ ಕಣಜದೊಡನೆ ಅಂಗಳಕ್ಕಿಳಿಯುತ್ತದೆ.

ದೂರಕ್ಕೆ ತಳ್ಳಲ್ಪಟ್ಟ ತಂಡ

ಇದರೊಡನೆ ಎದುರಾಳಿಗಳ ಜಾಣ್ಮೆಯೂ ಸೇರುತ್ತದೆ. ಕೊನೆಯ ಪಂದ್ಯಗಳ ವೇಳೆಗೆ ತಂಡದ ತಂತ್ರಗಳು ಎಲ್ಲರಿಗೂ ತಿಳಿದಿರುತ್ತವೆ. ರಕ್ಷಕರು ಬುಟ್ಟಿಯ ಕೆಳಗೆ ಗುಂಪುಗೂಡಿ ದಾರಿಗಟ್ಟುತ್ತಾರೆ. ಈ ಕೋಟೆಯನ್ನು ಬಿಡಿಸಲು ಇರುವ ಉಪಾಯವೆಂದರೆ ಚೆಂಡನ್ನು ಬೇಗ ಬೇಗ ಕೈಬದಲಾಯಿಸುವುದು. ಸೆಕೆಂಡಿಗೆ 10 ಮೀಟರು ವೇಗದಲ್ಲಿ ಹೋಗುವ ಚೆಂಡು 6 ಮೀಟರು ದೂರದ ಜೊತೆಗಾರನನ್ನು 0.6 ಸೆಕೆಂಡಿನಲ್ಲಿ ಮುಟ್ಟುತ್ತದೆ. ಅದನ್ನು ಕಂಡು ಹೊರಡಲು ರಕ್ಷಕನಿಗೆ 0.2 ಸೆಕೆಂಡಾದರೂ ಬೇಕು. ಉಳಿದ ಕಾಲದಲ್ಲಿ ಸೆಕೆಂಡಿಗೆ 5 ಮೀಟರು ಓಡಿದರೂ ಅವನು ಕ್ರಮಿಸುವುದು 2 ಮೀಟರು ಮಾತ್ರ. ಆದುದರಿಂದ ಆಟಗಾರರು ಹರಡಿ ನಿಂತಾಗ ಚೆಂಡು ಮನುಷ್ಯನನ್ನು ಸೋಲಿಸುತ್ತದೆ. ದಣಿದ ಆಟಗಾರರು ಓಡದೆ, ಒಬ್ಬರಿಗೊಬ್ಬರು ಸಮೀಪದಲ್ಲಿ ನಿಂತುಬಿಟ್ಟರೆ ಒಬ್ಬನೇ ರಕ್ಷಕ ಇಬ್ಬರನ್ನು ಕಾಯಬಲ್ಲನು.

ಹೀಗೆ ಒಳದಾರಿ ಮುಚ್ಚಿಹೋದಾಗ, ಎಸೆಯಲು ನಿಯಮ ಕೊಡುವ 24 ಸೆಕೆಂಡುಗಳು ಕರಗುತ್ತ ಬಂದಾಗ, ಆಟಗಾರನು ದೂರದಿಂದಲೇ ಎಸೆಯುತ್ತಾನೆ. ಮೂರು ಅಂಕಗಳ ಗೆರೆಯು 2010ರಿಂದ ಬಳೆಯ ಮಧ್ಯದಿಂದ 6.75 ಮೀಟರು ದೂರದಲ್ಲಿದೆ. ಅಲ್ಲಿಂದ ಎಸೆಯಲು ಕನಿಷ್ಠವೆಂದರೆ ಸೆಕೆಂಡಿಗೆ 8.7 ಮೀಟರು ವೇಗ ಬೇಕು. ಚೆಂಡಿಗೆ ಕೊಡಬೇಕಾದ ಚಲನಶಕ್ತಿಯು ಫ್ರೀ ಥ್ರೋದಲ್ಲಿ ಸುಮಾರು 15 ಜೂಲ್‌ಗಳಾದರೆ ಇಲ್ಲಿ ಸುಮಾರು 23 ಜೂಲ್‌ಗಳು, ಎಂದರೆ ಒಂದೂವರೆಯಷ್ಟು. ಕಾಲಿನಲ್ಲಿ ಕಸುವು ಉಡುಗಿದ ಹೊತ್ತಿನಲ್ಲಿಯೇ ತಂಡವು ಹೆಚ್ಚು ಕಸುವು ಬೇಡುವ ಎಸೆತಗಳಿಗೆ ಕೈಹಾಕುತ್ತದೆ. ಚೆಂಡು ಮುಂದಿನ ಅಂಚಿಗೆ ಬಡಿಯುವುದರಲ್ಲಿ ಆಶ್ಚರ್ಯವೇನಿದೆ?

ಹುಡುಗನ ತಪ್ಪೆಷ್ಟು?

ಇನ್ನು ಹತ್ತರಲ್ಲಿ ಆರನ್ನು ತಪ್ಪಿದ ಹುಡುಗನ ವಿಚಾರ. ಅವನು ದೀರ್ಘಕಾಲದ ಸರಾಸರಿಯಲ್ಲಿ ಹತ್ತಕ್ಕೆ ಆರನ್ನು ಹಾಕುವವನೆಂದು ಇಟ್ಟುಕೊಳ್ಳೋಣ. ಅವನ ಶಕ್ತಿಯಲ್ಲಿಯೂ ಕೌಶಲದಲ್ಲಿಯೂ ಎಳ್ಳಷ್ಟೂ ಕುಂದುಂಟಾಗದಿದ್ದರೂ, ಯಾವುದಾದರೂ ಹತ್ತು ಎಸೆತಗಳಲ್ಲಿ ನಾಲ್ಕೋ ಅದಕ್ಕಿಂತ ಕಡಿಮೆಯೋ ಬೀಳುವ ಸಂಭವ ನೂರಕ್ಕೆ ಸುಮಾರು 17. ಎಂದರೆ ಆರು ದಿನಗಳಲ್ಲೊಂದು ದಿನ ಹೀಗಾಗುವುದು ಸಹಜವೇ. ಇಂತಹ ಹತ್ತು ಮಂದಿ ಹತ್ತು ಹತ್ತು ಸಲ ಎಸೆದರೆ, ಅವರಲ್ಲಿ ಒಬ್ಬನಾದರೂ ಇಷ್ಟು ಕೆಡುವ ಸಂಭವ ನೂರಕ್ಕೆ 84! ದೂಷಿಸಲು ಒಬ್ಬನನ್ನು ಹುಡುಕಹೊರಟರೆ ಯಾವ ದಿನವೂ ಒಬ್ಬನು ಸಿಕ್ಕೇ ಸಿಗುತ್ತಾನೆ. ಅದು ಅವನ ತಪ್ಪಿಗೆ ಸಾಕ್ಷಿಯಲ್ಲ.

ಹಾಗಾದರೆ ಎಲ್ಲವೂ ಆಕಸ್ಮಿಕವೆ? ಅದೂ ಅಲ್ಲ. ಇಡೀ ತಂಡವು ನೂರು ಎಸೆತಗಳಲ್ಲಿ 60 ಹಾಕುತ್ತಿದ್ದುದು 45ಕ್ಕೆ ಇಳಿಯಿತೆಂದರೆ, ಅಂತಹ ಇಳಿತ ಕೇವಲ ಆಕಸ್ಮಿಕವಾಗಿ ಆಗುವುದು ಸಾವಿರಕ್ಕೆ ಒಂದೆರಡು ಸಲ ಮಾತ್ರ. ಅಲ್ಲಿ ಕಾರಣವನ್ನು ಹುಡುಕಲೇಬೇಕು. ಎರಡನೆಯ ಸುಳಿವು ತಪ್ಪಿದ ಚೆಂಡುಗಳಲ್ಲಿಯೇ ಇದೆ. ಆಕಸ್ಮಿಕವಾದ ತಪ್ಪುಗಳು ಬಳೆಯ ಸುತ್ತ ಎಲ್ಲ ಕಡೆಗೂ ಹರಡಿರುತ್ತವೆ. ಹಲವರು ಎಸೆದ ಚೆಂಡುಗಳು ಒಂದೇ ಸಮನೆ ಮುಂದಿನ ಅಂಚಿಗೆ ಬಡಿದರೆ, ಅದು ಒಬ್ಬನ ಕೈಯ ದೋಷವಲ್ಲ, ಎಲ್ಲರ ಕಾಲುಗಳ ದೂರು.

ಆಟಗಾರನಿಗೆ ಒಂದು ದಿನ ಕೈ ಕೂಡಿಬರುತ್ತದೆ, ಒಂದು ದಿನ ಬರುವುದಿಲ್ಲ ಎಂಬ ನಂಬಿಕೆಯೂ ಪರೀಕ್ಷೆಗೆ ಒಳಗಾಗಿದೆ. 1985ರಲ್ಲಿ ಗಿಲೋವಿಚ್, ವ್ಯಾಲೋನ್, ಟ್ವರ್ಸ್ಕಿ ಎಂಬ ಮೂವರು ವಿದ್ವಾಂಸರು ಎಸೆತಗಳ ಲೆಕ್ಕವನ್ನು ಪರಿಶೀಲಿಸಿ, ಈ ನಂಬಿಕೆಗೆ ಆಧಾರವಿಲ್ಲವೆಂದು ತೀರ್ಮಾನಿಸಿದರು. 2018ರಲ್ಲಿ ಮಿಲ್ಲರ್ ಮತ್ತು ಸಂಜುರ್ಹೋ ಎಂಬವರು ಆ ಲೆಕ್ಕದ ಕ್ರಮದಲ್ಲಿಯೇ ಒಂದು ಸೂಕ್ಷ್ಮ ದೋಷವನ್ನು ಎತ್ತಿ ತೋರಿಸಿದರು. ಪರಿಣತರೂ ಎಚ್ಚರದಿಂದ ಹೆಜ್ಜೆಯಿಡುವ ಈ ವಿಷಯದಲ್ಲಿ ಹತ್ತು ಎಸೆತಗಳಿಂದ ತೀರ್ಪುಕೊಡುವ ಆತುರ ನಮಗೇಕೆ?

ಮಾಡಬಹುದಾದುದೇನು?

ಕಾರಣ ತಿಳಿದ ಮೇಲೆ ಪರಿಹಾರ ದೂರವಿಲ್ಲ. ಕೊನೆಯ ಪಂದ್ಯಗಳ ವೇಳೆಗೆ ಅಭ್ಯಾಸದ ಹೊತ್ತನ್ನು ಕಡಿಮೆ ಮಾಡಿ ವಿಶ್ರಾಂತಿಯನ್ನು ಹೆಚ್ಚಿಸಬೇಕು. ಎಸೆತದ ಅಭ್ಯಾಸದಲ್ಲಿ ಒಂದು ಭಾಗವನ್ನು ಓಟವಾದ ಕೂಡಲೆ, ಏದುಸಿರಿನಲ್ಲಿಯೇ, ಮಾಡಬೇಕು. ಪಂದ್ಯದಲ್ಲಿ ಎಸೆಯಬೇಕಾಗುವುದು ಆ ಸ್ಥಿತಿಯಲ್ಲಿಯೇ ಅಲ್ಲವೆ? ಚೆಂಡನ್ನು ಕಮಾನಿನಂತೆ ಎತ್ತರವಾಗಿ ಎಸೆಯುವುದನ್ನು ರೂಢಿಸಿಕೊಳ್ಳಬೇಕು. ಮಧ್ಯಾಹ್ನದ 35 ಡಿಗ್ರಿಗಳ ಬಿಸಿಲಿನಲ್ಲಿ ಗಾಳಿ ತುಂಬಿದ ಚೆಂಡು ಸಂಜೆಯ 20 ಡಿಗ್ರಿಗಳಲ್ಲಿ, ಹೊರಗಿನ ಗಾಳಿಗಿಂತ ಹೆಚ್ಚಾಗಿದ್ದ ತನ್ನ ಒತ್ತಡದಲ್ಲಿ ಶೇಕಡ 13ರಷ್ಟನ್ನು ಕಳೆದುಕೊಂಡು ಮಂದವಾಗಿ ಪುಟಿಯುವುದರಿಂದ, ಅದನ್ನು ಆಟದ ಹೊತ್ತಿನಲ್ಲಿಯೇ ಪರೀಕ್ಷಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಪುಸ್ತಕವನ್ನಿಟ್ಟು, ತಪ್ಪಿದ ಪ್ರತಿ ಎಸೆತವೂ ಬಳೆಯ ಮುಂದೆ ಬಡಿಯಿತೆ, ಹಿಂದೆ ಬಡಿಯಿತೆ, ಎಡಕ್ಕೆ, ಬಲಕ್ಕೆ ಹೋಯಿತೆ ಎಂಬುದನ್ನು ಬರೆದಿಡಬೇಕು. ಒಂದು ಪೆನ್ಸಿಲಿನ ಹೊರತು ಇದಕ್ಕೆ ಬೇರೆ ಉಪಕರಣವೇನೂ ಬೇಡ.

ಆ ಸಂಜೆ ಬಸ್ಸಿನಲ್ಲಿ ಯಾರಾದರೂ ಇಂತಹ ಪುಸ್ತಕವನ್ನು ತೆರೆದಿದ್ದರೆ, ಮುಂದಿನ ಅಂಚಿಗೆ ಬಡಿದ ಗುರುತುಗಳು ತಂಡದ ಎಲ್ಲರ ಹೆಸರಿನ ಎದುರಿನಲ್ಲಿಯೂ ಕಾಣುತ್ತಿದ್ದವು. ಆಗ ಕಿಟಕಿಯ ಬಳಿಯ ಹುಡುಗನಿಗೆ ಹೇಳಬೇಕಾದ ಮಾತು "ನೀನು ಕೂತಿರು" ಎಂಬುದಾಗಿರುತ್ತಿರಲಿಲ್ಲ. "ನಾಳೆ ಎಲ್ಲರೂ ವಿಶ್ರಾಂತಿ ತೆಗೆದುಕೊಳ್ಳೋಣ" ಎಂಬುದಾಗಿರುತ್ತಿತ್ತು. ಅಳೆಯುವುದನ್ನು ವಿಜ್ಞಾನವು ನಮಗೆ ಕಲಿಸುವುದು ಪ್ರಯೋಗಾಲಯದ ಉಪಯೋಗಕ್ಕಷ್ಟೇ ಅಲ್ಲ. ಅಳೆಯದೆ ಒಬ್ಬರ ಮೇಲೆ ತಪ್ಪು ಹೊರಿಸಬಾರದೆಂಬುದೂ ಆ ಪಾಠದಲ್ಲಿ ಸೇರಿದೆ.