ಪರವಾನಗಿ ಹೋಯಿತು, ನೀರು ಉಳಿಯಿತು

ಅಮೆರಿಕದ ಮಿಷಿಗನ್ ರಾಜ್ಯದ ಈಡನ್‌ವಿಲ್ ಅಣೆಕಟ್ಟೆ ವಿದ್ಯುತ್ ಉತ್ಪಾದನೆಯ ಹಕ್ಕು ಕಳೆದುಕೊಂಡದ್ದು 2018ರ ಸೆಪ್ಟೆಂಬರಿನಲ್ಲಿ. ಒಕ್ಕೂಟ ಸರ್ಕಾರದ ಇಂಧನ ನಿಯಂತ್ರಣ ಆಯೋಗ ಅದರ ಪರವಾನಗಿ ರದ್ದು ಮಾಡಿತು. 4.8 ಮೆಗಾವಾಟ್‌ನ ಪುಟ್ಟ ಸ್ಥಾವರ ನಿಂತಿತು. ಅದರ ಹಿಂದಿನ ವಿಕ್ಸಮ್ ಸರೋವರ ಮಾತ್ರ ಎಂದಿನಂತೆ ತುಂಬಿಕೊಂಡೇ ಇತ್ತು, ದಡದ ಮನೆಗಳ ದೋಣಿಗಳೂ ಓಡಾಡುತ್ತಿದ್ದವು.

ಟಿಟ್ಟಬವಾಸಿ ಮತ್ತು ಟೊಬ್ಯಾಕೊ ನದಿಗಳು ಕೂಡುವಲ್ಲಿ 1920ರ ದಶಕದಲ್ಲಿ ಎದ್ದ ಈ ಕಟ್ಟೆಯ ಹೆಚ್ಚಿನ ಭಾಗ ಮಣ್ಣಿನ ಏರಿ. ಇದೇ ನದಿಯಲ್ಲಿ ಮೇಲೆ ಸೀಕಾರ್ಡ್, ಸ್ಮಾಲ್‌ವುಡ್, ಕೆಳಗೆ ಸ್ಯಾನ್‌ಫರ್ಡ್ ಕಟ್ಟೆಗಳಿದ್ದವು. ಈಡನ್‌ವಿಲ್ ಬಗ್ಗೆ ಆಯೋಗದ ಮುಖ್ಯ ತಕರಾರು 1990ರ ದಶಕದಿಂದಲೂ ಒಂದೇ ಆಗಿತ್ತು: ಬರಬಹುದಾದ ಅತಿ ದೊಡ್ಡ ನೆರೆಯ ಸುಮಾರು ಅರ್ಧದಷ್ಟನ್ನು ಮಾತ್ರ ಇದರ ಕೋಡಿ ಹೊರಬಿಡಬಲ್ಲದು, ಅದನ್ನು ಹಿಗ್ಗಿಸಬೇಕು. ಖಾಸಗಿ ಮಾಲೀಕ ಕಂಪನಿ ಹಣವಿಲ್ಲ ಎನ್ನುತ್ತಲೇ ಬಂತು. ಕೊನೆಗೆ ಆಯೋಗ ಪರವಾನಗಿಯನ್ನೇ ಕಿತ್ತುಕೊಂಡಿತು.

ನನಗೆ ಇಡೀ ಕಥೆಯಲ್ಲಿ ಅತ್ಯಂತ ಕಳವಳ ಹುಟ್ಟಿಸುವ ಘಟ್ಟ ಇದೇ. ವಿದ್ಯುತ್ ಮಾರಿ ಬರುತ್ತಿದ್ದ ದುಡ್ಡು ನಿಂತಿತು, ರಿಪೇರಿಯ ಅಗತ್ಯ ನಿಲ್ಲಲಿಲ್ಲ. ವಿದ್ಯುತ್ ಇಲ್ಲವೆಂದ ಮೇಲೆ ಒಕ್ಕೂಟದ ಆಯೋಗಕ್ಕೆ ಅಧಿಕಾರವೂ ಇಲ್ಲ. ಉಸ್ತುವಾರಿ ರಾಜ್ಯ ಸರ್ಕಾರಕ್ಕೆ ಹೋಯಿತು. ಅಲ್ಲಿ ಸಾವಿರದಷ್ಟು ಅಣೆಕಟ್ಟೆಗಳಿಗೆ ಬೆರಳೆಣಿಕೆಯ ಎಂಜಿನಿಯರ್‌ಗಳಿದ್ದರು. ಕೋಡಿಯ ಸಾಮರ್ಥ್ಯದ ಮಾನದಂಡವೂ ಅತಿ ದೊಡ್ಡ ನೆರೆಯ ಅರ್ಧಕ್ಕೆ ಇಳಿಯಿತು. ಕೆಲವೇ ವಾರಗಳಲ್ಲಿ ಪರಿಶೀಲಿಸಿದ ರಾಜ್ಯದ ಅಧಿಕಾರಿಗಳು ಕಟ್ಟೆಯ ಸ್ಥಿತಿ ಪರವಾಗಿಲ್ಲ ಎಂದು ವರದಿ ಕೊಟ್ಟರು.

ಮುಂದಿನ ಜಗಳ ಸರೋವರದ ಮಟ್ಟದ್ದು. 2019ರ ಚಳಿಗಾಲಕ್ಕೆ ಮುಂಚೆ ಮಾಲೀಕರು ನೀರು ಇಳಿಸಿದರು. ಅನುಮತಿಯಿಲ್ಲದೆ ಇಳಿಸಿ ನದಿಯ ಚಿಪ್ಪುಜೀವಿಗಳನ್ನು ಕೊಂದರೆಂದು 2020ರ ಏಪ್ರಿಲ್ 30ರಂದು ರಾಜ್ಯ ಸರ್ಕಾರ ಮೊಕದ್ದಮೆ ಹೂಡಿತು. ಅಷ್ಟರಲ್ಲಿ ಬೇಸಿಗೆಯ ವಿಹಾರಕ್ಕೆಂದು ಸರೋವರ ಮತ್ತೆ ತುಂಬುತ್ತಿತ್ತು. ಕಟ್ಟೆ ಒಡೆಯಲು ಆಗ ಮೂರು ವಾರವೂ ಬಾಕಿ ಇರಲಿಲ್ಲ.

ಮೇ 17ರಿಂದ ಭಾರಿ ಮಳೆ ಹಿಡಿಯಿತು. 19ರ ನಸುಕಿನಲ್ಲಿ ನದಿದಂಡೆಯ ಜನರನ್ನು ಎಬ್ಬಿಸಿ ಮನೆ ಬಿಡಿಸಲಾಯಿತು. ಬೆಳಗ್ಗೆ, ಕಟ್ಟೆ ಗಟ್ಟಿಯಾಗಿದೆ ಎಂಬ ಸುದ್ದಿ ಕೇಳಿ ಕೆಲವರು ಮರಳಿದರು. ಸಂಜೆ ಐದೂವರೆಯ ಸುಮಾರಿಗೆ ಪೂರ್ವದ ಏರಿಯ ಒಂದು ಭಾಗ ಕೆಲವೇ ಕ್ಷಣಗಳಲ್ಲಿ ಕುಸಿದು ಜಾರಿತು. ಇನ್ನೆರಡು ತಾಸಿನಲ್ಲಿ ಆ ನೀರು ಸ್ಯಾನ್‌ಫರ್ಡ್ ಕಟ್ಟೆಯನ್ನೂ ಒಡೆಯಿತು. ಮರುದಿನ ಮಿಡ್‌ಲ್ಯಾಂಡ್ ನಗರದಲ್ಲಿ ನದಿ 35.05 ಅಡಿಗೇರಿತು, ಅಲ್ಲಿ ಅದು ಹಿಂದೆಂದೂ ಅಷ್ಟು ಏರಿರಲಿಲ್ಲ. ಕೋವಿಡ್ ನಿರ್ಬಂಧದ ನಡುವೆ ಸುಮಾರು 10,000 ಜನ ಮನೆ ಬಿಟ್ಟರು, 24 ತಾಸಿನೊಳಗೆ ಎರಡನೇ ಸಲ. ಸಾವಿರಾರು ಮನೆಗಳು ಹಾಳಾದರೂ ಒಬ್ಬರೂ ಸಾಯಲಿಲ್ಲ.

ಕಟ್ಟೆಯ ನೆತ್ತಿಯ ಮೇಲೆ ನೀರು ಹರಿದಿರಲಿಲ್ಲ. ಹಾಗಿದ್ದರೂ ಒಡೆದದ್ದೇಕೆ? ಐವರು ತಜ್ಞರ ಸ್ವತಂತ್ರ ತಂಡ 2022ರ ಮೇ ತಿಂಗಳಲ್ಲಿ ಉತ್ತರ ಕೊಟ್ಟಿತು. ಏರಿಯ ಕೆಲವೆಡೆ ನೂರು ವರ್ಷದ ಹಿಂದೆ ಮರಳನ್ನು ಸರಿಯಾಗಿ ದಮ್ಮಸು ಮಾಡದೆ ಸುರಿದಿದ್ದರು. ನೀರು ಕುಡಿದ ಆ ಸಡಿಲ ಮರಳು ಅಷ್ಟು ಕಾಲ ನೆಲದಂತೆ ನಿಂತಿದ್ದು, ಸರೋವರದ ಮಟ್ಟ ಏರಿ ಒತ್ತಡ ಹೆಚ್ಚಿದಾಗ ಅಂಬಲಿಯಂತೆ ಹರಿದುಬಿಟ್ಟಿತು. ದಶಕಗಳ ಕಾಲ ಎಲ್ಲರ ಗಮನವೂ ಕೋಡಿಯ ಮೇಲಿತ್ತು. ಕಟ್ಟೆ ಸೋತದ್ದು ಏರಿಯಲ್ಲಿ. ಈ ಅನಾಹುತವನ್ನು ಮುಂಗಾಣಲೂ ತಡೆಯಲೂ ಸಾಧ್ಯವಿತ್ತು ಎಂದು ತಂಡ ಬರೆಯಿತು. ತಪ್ಪನ್ನು ಅದು ಒಬ್ಬರ ತಲೆಗೆ ಕಟ್ಟಲಿಲ್ಲ. ಹಲವು ದಶಕಗಳಲ್ಲಿ ಹಲವರು ಬಿಟ್ಟ ಲೋಪಗಳನ್ನು ಎಳೆಎಳೆಯಾಗಿ ತೋರಿಸಿತು.

ಒಡೆದ ಕಟ್ಟೆಯನ್ನು ಹಾಗೇ ಬಿಡುವಂತಿರಲಿಲ್ಲ. ಟೊಬ್ಯಾಕೊ ಕಡೆಯ ಭಾಗ ಇನ್ನೂ ನೀರು ಹಿಡಿದು ನಿಂತಿತ್ತು. ಅದೂ ಹೋದರೆ ಕೆಳಗಿನವರಿಗೆ ಎರಡನೇ ಪ್ರವಾಹ. ಆದ್ದರಿಂದ ಮೊದಲ ಕೆಲಸ ಅಲ್ಲಿನ ನೀರಿನ ಮಟ್ಟ ತಗ್ಗಿಸುವುದಾಯಿತು. ಮಾಲೀಕ ಕಂಪನಿ ದಿವಾಳಿ ಅರ್ಜಿ ಹಾಕಿತ್ತು. ಮಿಡ್‌ಲ್ಯಾಂಡ್ ಮತ್ತು ಗ್ಲಾಡ್ವಿನ್ ಕೌಂಟಿಗಳು ನಾಲ್ಕೂ ಕಟ್ಟೆಗಳನ್ನು ಕಾನೂನಿನ ಮೂಲಕ ಸ್ವಾಧೀನಪಡಿಸಿಕೊಂಡವು. ಕೆಲಸದ ಹೊಣೆ ಫೋರ್ ಲೇಕ್ಸ್ ಟಾಸ್ಕ್ ಫೋರ್ಸ್ ಎಂಬ ಸಂಸ್ಥೆಗೆ ಬಂತು. ಕೊಚ್ಚಿಬಂದ ಮರಮುಟ್ಟು ತೆಗೆಯುವುದು, ಕೊರೆಯುತ್ತಿದ್ದ ದಂಡೆಗಳನ್ನು ಹಿಡಿದು ನಿಲ್ಲಿಸುವುದು, ಉಳಿದ ಏರಿಯ ಮಣ್ಣು ಪರೀಕ್ಷಿಸುವುದು: ಹೊಸ ಕಟ್ಟೆಯ ನಕ್ಷೆಗೆ ಮೊದಲು ಇವು ಆಗಬೇಕಿತ್ತು.

ಇದರ ಜೊತೆಗೇ ಜನರಿಗೆ ತಿಳಿಸುವ ಕೆಲಸವೂ ನಡೆಯಿತು. ಆನ್‌ಲೈನ್ ಸಭೆಗಳಲ್ಲಿ, ಆಮೇಲೆ ಮುಖಾಮುಖಿಯಾಗಿ, ಎಂಜಿನಿಯರ್‌ಗಳು ನಕ್ಷೆ, ಖರ್ಚು, ಅಪಾಯ ಎಲ್ಲವನ್ನೂ ಮುಂದಿಟ್ಟರು. ಬತ್ತಿದ ಸರೋವರದ ತಳದಲ್ಲಿ ಗಿಡಗಳು ಬೆಳೆಯುತ್ತಿದ್ದವು, ದೋಣಿಕಟ್ಟೆಗಳು ಒಣ ನೆಲದ ಮೇಲೆ ನಿಂತಿದ್ದವು. ನೀರು ಯಾವಾಗ ಬರುತ್ತದೆ ಎಂಬುದೇ ದಂಡೆಯವರ ಪ್ರಶ್ನೆ. ಬೇಗ ಎಂದು ಹೇಳಿ ಸಮಾಧಾನಪಡಿಸುವುದು ಸುಲಭ. ಆದರೆ ಗಟ್ಟಿಯಾಗಿದೆ ಎಂಬ ಒಂದು ಮಾತನ್ನು ಮೇ 19ರ ಬೆಳಗ್ಗೆ ನಂಬಿದ್ದವರ ಎದುರು ವರ್ಷಗಳು ಬೇಕು ಎಂದು ಹೇಳಿ, ಏಕೆಂದು ತೋರಿಸುವುದೇ ಸರಿಯಾದ ದಾರಿಯಾಗಿತ್ತು.

ರಾಜ್ಯ 2022ರಲ್ಲಿ 20 ಕೋಟಿ ಡಾಲರ್ ಕೊಟ್ಟಿತು. ಅದು ಸಾಲಲಿಲ್ಲ. 2024ರಲ್ಲಿ ಕೌಂಟಿಗಳು ಸುಮಾರು 21.7 ಕೋಟಿ ಡಾಲರನ್ನು ಆಸ್ತಿ ಮಾಲೀಕರಿಂದ 40 ವರ್ಷಗಳ ಕಂತಿನಲ್ಲಿ ವಸೂಲಿ ಮಾಡಲು ಒಪ್ಪಿಗೆ ಕೊಟ್ಟಾಗ ಹಲವರು ಕೋರ್ಟ್ ಮೆಟ್ಟಿಲೇರಿದರು. ತಾವು ಒಡೆಯದ ಕಟ್ಟೆಗೆ ತಾವೇಕೆ ತೆರಬೇಕು ಎಂಬ ಅವರ ಸಿಟ್ಟು ನ್ಯಾಯವಾದದ್ದೇ. ಕಟ್ಟೆ ಮರುಕಟ್ಟುವ ಯೋಜನೆಯಲ್ಲಿ ವಿದ್ಯುತ್ ಉತ್ಪಾದನೆ ಇಲ್ಲ. ಆದ್ದರಿಂದ ಅದರ ಖರ್ಚು ತೆರಲು ಕರೆಂಟಿನ ಬಿಲ್ಲಿನಿಂದ ಒಂದು ಡಾಲರೂ ಬರುವುದಿಲ್ಲ.