ಪಿಕಪ್ ಬಂಡಿಯ ವೇಗಸಂವೇದಕ: ಅದರ ನೆಲೆ ಮತ್ತು ಪರೀಕ್ಷೆ

ಮೋಟಾರು ಬಂಡಿಯು ಓಡುತ್ತಿರುವಾಗಲೇ ವೇಗಮಾಪಕದ ಮುಳ್ಳು ನಡುಗಿ ಸೊನ್ನೆಗೆ ಬೀಳುವುದುಂಟು. ಆಗ ಮುಳ್ಳನ್ನು ದೂರುವುದು ವಾಡಿಕೆ. ಗೇರುಪೆಟ್ಟಿಗೆಯನ್ನೇ ಬಿಚ್ಚಿಸಿ ಹಣ ಕಳೆದುಕೊಂಡವರೂ ಇದ್ದಾರೆ. ಆದರೆ ದೋಷವು ಅನೇಕ ವೇಳೆ ಒಂದು ಸಣ್ಣ ಉಪಕರಣದಲ್ಲಿಯೋ ಅದರ ತಂತಿಯಲ್ಲಿಯೋ ಅಡಗಿರುತ್ತದೆ. ಅದೇ ವೇಗಸಂವೇದಕ, ಕಾರ್ಖಾನೆಯವರು ಸೆನ್ಸರ್ ಎನ್ನುತ್ತಾರೆ.

ಇದರ ತತ್ತ್ವವು ನಮ್ಮ ಪ್ರೌಢ ತರಗತಿಗಳ ವಿದ್ಯಾರ್ಥಿಗಳಿಗೆ ಹೊಸದಲ್ಲ. ತಂತಿಯ ಸುರುಳಿಯ ಬಳಿ ಅಯಸ್ಕಾಂತಕ್ಷೇತ್ರವು ಬದಲಾದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು ಮೈಕೇಲ್ ಫ್ಯಾರಡೆಯು ೧೮೩೧ರಲ್ಲಿ ತೋರಿಸಿಕೊಟ್ಟನಷ್ಟೆ. ಸಂವೇದಕದೊಳಗೆ ಇರುವುದು ಒಂದು ಅಯಸ್ಕಾಂತ ಮತ್ತು ಒಂದು ಸುರುಳಿ. ಅದರ ತುದಿಯ ಮುಂದೆ ಉಕ್ಕಿನ ಹಲ್ಲುಬಳೆಯೊಂದು ತಿರುಗುತ್ತದೆ. ಹಲ್ಲೊಂದು ಹಾದುಹೋದಂತೆಲ್ಲ ವಿದ್ಯುತ್ತಿನ ಅಲೆಯೊಂದು ಏಳುತ್ತದೆ. ಅಲೆಗಳನ್ನೆಣಿಸಿದರೆ ವೇಗವು ತಿಳಿಯುತ್ತದೆ.

ನೆಲೆಯು ಬಂಡಿಯಿಂದ ಬಂಡಿಗೆ ಬೇರೆ. ಹಲವು ಪಿಕಪ್‌ಗಳಲ್ಲಿ ಅದು ಗೇರುಪೆಟ್ಟಿಗೆಯ ಹಿಂತುದಿಯಲ್ಲಿರುತ್ತದೆ. ನಾವು ನಿದರ್ಶನಕ್ಕೆ ತೆಗೆದುಕೊಂಡ ಅಮೆರಿಕದ ಫೋರ್ಡ್ ಎಫ್-೧೫೦ ಬಂಡಿಯ ೧೯೯೨ರಿಂದ ೧೯೯೬ರವರೆಗಿನ ಮಾದರಿಗಳಲ್ಲಿ ಅಲ್ಲಿ ಹುಡುಕಿದರೆ ಶ್ರಮ ವ್ಯರ್ಥ. ಬಂಡಿಯ ಹಿಂಭಾಗದಲ್ಲಿ ಬಗ್ಗಿ ನೋಡಬೇಕು. ಹಿಂದಿನ ಅಚ್ಚಿನ ನಡುವೆ ಗುಂಬದಂತೆ ಉಬ್ಬಿದ ಡಿಫರೆನ್ಶಿಯಲ್‌ನ ನೆತ್ತಿಯ ಮೇಲೆ, ಒಂದೇ ಬೋಲ್ಟಿನಿಂದ ಬಿಗಿದು, ಎರಡು ತಂತಿಗಳೊಡನೆ ಅದು ಕುಳಿತಿರುತ್ತದೆ.

ಈ ಒಂದು ಸಂವೇದಕದ ಸುದ್ದಿಯನ್ನೇ ವೇಗಮಾಪಕವೂ ಹಿಂಗಾಲಿಗಳು ಜಾರದಂತೆ ತಡೆಯುವ ಬ್ರೇಕಿನ ಯಂತ್ರವೂ ನಂಬಿರುತ್ತವೆ. ವೇಗಮಾಪಕದ ಮೂಲಕ ಅದು ಎಂಜಿನ್ನಿನ ಕಂಪ್ಯೂಟರಿಗೂ ಹೋಗುತ್ತದೆ; ವಿದ್ಯುನ್ನಿಯಂತ್ರಿತ ಗೇರುಗಳು ಬದಲಾಗುವುದು ಅದರ ಆಧಾರದ ಮೇಲೆಯೇ. ಆದುದರಿಂದ ಮುಳ್ಳು ಬಿದ್ದು, ಬ್ರೇಕಿನ ಎಚ್ಚರಿಕೆಯ ದೀಪವೂ ಹತ್ತಿ, ಗೇರುಗಳೂ ಹೊತ್ತಲ್ಲದ ಹೊತ್ತಿನಲ್ಲಿ ಬದಲಾದರೆ ಶಂಕೆಯು ಸಂವೇದಕದ ಮೇಲೆ. ಮುಳ್ಳು ಸರಿಯಾಗಿದ್ದು ಗೇರು ಮಾತ್ರ ಕೆಟ್ಟರೆ ಸಂವೇದಕವನ್ನು ಹಳಿಯುವುದು ನ್ಯಾಯವಲ್ಲ.

ಮೊದಲು ಕಣ್ಣಿನ ಪರೀಕ್ಷೆ. ತಂತಿಯು ಚೌಕಟ್ಟಿಗೆ ಉಜ್ಜಿ ಸವೆದಿದೆಯೇ, ಜೋಡಣೆಯ ಪಿನ್ನುಗಳಿಗೆ ತುಕ್ಕು ಹಿಡಿದಿದೆಯೇ? ಅನಂತರ ಜೋಡಣೆಯನ್ನು ಬಿಡಿಸಿ, ಮಲ್ಟಿಮೀಟರಿನಿಂದ ಸಂವೇದಕದ ಎರಡು ಪಿನ್ನುಗಳ ನಡುವಣ ರೋಧವನ್ನು ಅಳೆಯಬೇಕು. ಸುಮಾರು ೧,೦೦೦ದಿಂದ ೨,೦೦೦ ಓಮ್ ಬರತಕ್ಕದ್ದು. ಕಟ್ಟಕಡೆಯ ಪ್ರಮಾಣವು ಆಯಾ ವರ್ಷದ ಕೈಪಿಡಿಯ ಅಂಕಿಯೇ. ಮೀಟರು ಅನಂತವನ್ನು ತೋರಿಸಿದರೆ ಸುರುಳಿ ಕಡಿದಿದೆ. ಸೊನ್ನೆ ತೋರಿಸಿದರೆ ಒಳಗೇ ಕೂಡಿಕೊಂಡಿದೆ. ಪಿನ್ನಿಗೂ ಸಂವೇದಕದ ಲೋಹದ ಮೈಗೂ ಸಂಪರ್ಕವಿರಕೂಡದು. ಮೂರು ತಂತಿಗಳ ಸಂವೇದಕಗಳು ಬೇರೆ ಜಾತಿಯವು. ಅವಕ್ಕೆ ಹೊರಗಿನಿಂದ ವಿದ್ಯುತ್ತು ಬೇಕು, ಈ ಓಮಿನ ಪರೀಕ್ಷೆ ಅವಕ್ಕೆ ಸಲ್ಲದು.

ಮುಂದಿನದು ತಿರುಗಿಸಿ ನೋಡುವ ಪರೀಕ್ಷೆ. ಇಲ್ಲಿಯೇ ಹಲವರು ಎಡವುತ್ತಾರೆ. ಹಿಂದಿನ ಎರಡು ಗಾಲಿಗಳನ್ನೂ ಎತ್ತಿ, ಗೇರನ್ನು ‘ಪಾರ್ಕ್’ನಲ್ಲಿಟ್ಟು ಒಂದು ಗಾಲಿಯನ್ನು ತಿರುಗಿಸಿದರೆ ಇನ್ನೊಂದು ಎದುರು ದಿಕ್ಕಿಗೆ ತಿರುಗುವುದೇ ಹೊರತು, ನಡುವಿನ ಡಿಫರೆನ್ಶಿಯಲ್ ಗೂಡು ಅಲುಗುವುದಿಲ್ಲ. ಹಲ್ಲುಬಳೆಯಿರುವುದು ಆ ಗೂಡಿನ ಮೇಲೆ! ಹೀಗೆ ನಿರಪರಾಧಿಯಾದ ಸಂವೇದಕವು ಕಸದ ಬುಟ್ಟಿಗೆ ಹೋಗುತ್ತದೆ. ಸರಿಯಾದ ಕ್ರಮವೆಂದರೆ: ಸಮತಟ್ಟಾದ ನೆಲದಲ್ಲಿ ಮುಂದಿನ ಗಾಲಿಗಳಿಗೂ ನೆಲದ ಮೇಲಿರುವ ಹಿಂದಿನ ಗಾಲಿಗೂ ಎರಡು ಕಡೆಯಿಂದಲೂ ಭದ್ರವಾಗಿ ಅಡೆ ಕೊಡಬೇಕು, ಒಂದೇ ಹಿಂಗಾಲಿಯನ್ನು ಎತ್ತಿ ಅಚ್ಚಿನ ಕೆಳಗೆ ಗಟ್ಟಿಯಾದ ಸ್ಟ್ಯಾಂಡ್ ನಿಲ್ಲಿಸಬೇಕು, ಬಳಿಕ ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕನ್ನು ಸಡಿಲಿಸಬೇಕು. ಜಾಕ್ ಒಂದನ್ನೇ ನಂಬಿ ಬಂಡಿಯ ಕೆಳಗೆ ತೂರುವುದು ಪ್ರಾಣಾಪಾಯ. ಮೀಟರನ್ನು ಎಸಿ ವೋಲ್ಟಿಗೆ ಹೊಂದಿಸಿ ಎತ್ತಿದ ಗಾಲಿಯನ್ನು ತಿರುಗಿಸಿದಾಗ ಅಲ್ಪವಾದರೂ ವೋಲ್ಟು ಕಾಣಿಸಿ, ವೇಗ ಹೆಚ್ಚಿದಂತೆ ಏರಬೇಕು. ಏರಿದರೆ ಸಂವೇದಕಕ್ಕೆ ಜೀವವಿದೆ, ತಂತಿಯ ಕಡೆ ನೋಡಿ.

ಬಿಚ್ಚಲೇಬೇಕಾದರೆ ಸುತ್ತಣ ಮಣ್ಣನ್ನು ಮೊದಲೇ ಚೆನ್ನಾಗಿ ಒರಸಿರಿ. ಅದು ರಂಧ್ರದೊಳಗೆ ಬಿದ್ದರೆ ಹಲ್ಲುಚಕ್ರಗಳಿಗೆ ಹಾನಿ. ಹೊರತೆಗೆದ ಅಯಸ್ಕಾಂತದ ತುದಿಗೆ ಕಬ್ಬಿಣದ ಪುಡಿ ಮೆತ್ತಿದ್ದರೆ ಅದನ್ನು ಒರಸಿ ಪುನಃ ಪರೀಕ್ಷಿಸಿದ ಮೇಲೆಯೇ ಹೊಸದಕ್ಕೆ ಹಣ ತೆರಬೇಕು. ಪುಡಿಯು ವಿಪರೀತವಾಗಿದ್ದರೆ ಡಿಫರೆನ್ಶಿಯಲ್ಲೇ ಸವೆಯುತ್ತಿದೆಯೆಂದು ತಿಳಿದು ಅದರ ಎಣ್ಣೆಯನ್ನೂ ನೋಡಿಸಿರಿ. ಮರಳಿ ಕೂಡಿಸುವಾಗ ರಬ್ಬರಿನ ಬಳೆಗೆ ತುಸು ಎಣ್ಣೆ ಸವರಿ, ಬೋಲ್ಟನ್ನು ಹದವಾಗಿ ಬಿಗಿದು, ತಂತಿಯನ್ನು ಮೊದಲಿನ ಕೊಕ್ಕೆಗಳಿಗೇ ಸಿಕ್ಕಿಸತಕ್ಕದ್ದು.